ಕೊಡೆ ಕ್ಯಾಸೆಟ್ಟಿನ ಶಾರ್ಲಟ್

…ನಗಬೇಡ, ನಗಬೇಡವೇ ಶರೀಫಾ, ಪೂರ್ತಿ ಕೇಳು ಮೊದಲು! ಖುದಾ ಕಸಂ, ನಾನು ಒಂದಕ್ಷರ ಸೇರಿಸಿಲ್ಲ. "ಸುಭಾನ್ ಭಾಯ್, ಚಪ್ಪಲಿ ಹೊರಗೆ ಬಿಡಿ. ಮೊಬೈಲು ಆ ಸ್ಟೂಲಿನ ಮೇಲಿಡಿ. ಕಣ್ಣು ಮುಚ್ಚಿ ಕೂತ್ಕೊಳ್ಳಿ." ಹೀಗೇ ಹೇಳಿದ! ದರ್ಗಾದಲ್ಲೂ ಮೊಬೈಲು ಕಿಸೆಯಲ್ಲಿ ಇಟ್ಕೊಳ್ಳೋಕೆ ಬಿಡ್ತಾರೆ ಮಾರಾಯ್ತಿ. ಇದು ಬರೀ ಹಾಡು ಕೇಳೋಕೆ!

ಯಾರಾ? ಕೋಲಸಿರ್ಸಿಯ ಸಂದೇಶ. ನಮ್ಮ ಕ್ಯಾಸೆಟ್ ಅಂಗಡಿಗೆ ಮಾದೇವ ಅಂತ ಬರ್ತಿದ್ದನಲ್ಲ, ಹೆಗಲ ತನಕ ಕೂದಲು ಬಿಟ್ಕೊಂಡು, ಗದ್ದೆ ಕೆಸರಿನ ಕಾಲಲ್ಲೇ ಬಂದು ಇಂಗ್ಲಿಷ್ ರಾಕ್ ಕೇಳ್ತಿದ್ದವ… ಅವನ ತಮ್ಮ. ಸಿದ್ದಾಪುರದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿದಾನೆ. ಮಾದೇವ ತೀರಿಹೋಗಿ ನಾಲ್ಕು ವರ್ಷ ಆಯ್ತು. ಅವನ ಹುಚ್ಚು ಮಾತ್ರ ತಮ್ಮನ ಹತ್ತಿರ ಇದೆ, ಅದೂ ದುಪ್ಪಟ್ಟಾಗಿ.

ಲೋಟ ಕುಟ್ಟಬೇಡ, ಕುಡಿತೆ. ಈಗಷ್ಟೇ ಬಸ್ಸಿಳಿದು ಬಂದಿದೀನಿ, ಸ್ವಲ್ಪ ಸುಧಾರಿಸ್ಕೊಳ್ಳೋಕೆ ಬಿಡು.

ಎಂತಕ್ಕೆ ಹೋಗಿದ್ದೆ ಅಂದ್ರೆ? ಹೀಗೇ… ಸಿದ್ದಾಪುರದಲ್ಲಿ ಜಮಾತಿನ ಕೆಲಸ ಇತ್ತು. ಹಾಗೇ ಆ ಕಡೆ ಹೋದೆ. ಹಾಗೆಲ್ಲ ಹುಬ್ಬು ಏರಿಸಬೇಡ, ಮಾತು ತಪ್ಪಿಹೋಗ್ತದೆ. ಎಲ್ಲಿದ್ದೆ? ಹ್ಞಾ, ಕೋಣೆ!

ಬತ್ತ ತುಂಬ್ತಿದ್ದ ಕೋಣೆ ಅದು. ಬತ್ತ ಎಲ್ಲ ಜಗಲಿಗೆ ಹಾಕಿದಾನೆ. ಗೋಡೆ ತುಂಬಾ ಮೊಟ್ಟೆ ಇಡೋ ಟ್ರೇ ಬಡಿದಿದಾನೆ, ದನಿ ತಿರುಗಿ ಬರಬಾರದಂತೆ. ಎರಡು ಸ್ಪೀಕರು, ನಿನ್ನ ಎದೆ ಮಟ್ಟ ಬರ್ತವೆ. ವೈರು ನೋಡಬೇಕಿತ್ತು, ನನ್ನ ಹೆಬ್ಬೆರಳಿನಷ್ಟು ದಪ್ಪ! ಐದು ಎಚ್‌ಪಿ ಪಂಪಿಗೂ ಅಂಥ ವೈರು ಅಂವ ಗಿರಾಕಿಗೆ ಕೊಡೋದಿಲ್ಲ ಬಿಡು. ಅವನ ತಾಯಿ ದುರ್ಗಮ್ಮ, ಪಾಪ, ಬಾಗಿಲಲ್ಲೇ ನನ್ನ ತಡೆದು ಪಿಸುಗುಟ್ಟಿದ್ರು. "ಒಳಗೆ ಹೋಗಿ ಭಾವಾ, ಆದ್ರೆ ಕೆಮ್ಮಬೇಡಿ. ನಾ ಮೊನ್ನೆ ಕೆಮ್ಮಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ದ." ತಾಯಿ ಕೆಮ್ಮಿದ್ದಕ್ಕೆ! ಹಾಡು ಕೆಡ್ತು ಅಂತ! ನನಗೆ ಸಿಟ್ಟು ಎಲ್ಲಿತ್ತೋ, ಅಲ್ಲೇ ನಾಲ್ಕು ಮಾತು ಬೈಬೇಕು ಅನ್ನಿಸ್ತು. ಮನೆ ಜನ ಕೆಮ್ಮಬಾರದು, ಮಾತಾಡಬಾರದು ಅಂದ್ರೆ ಅದು ಎಂಥ ಸಂಗೀತ?

ಎಂತಕ್ಕೆ ಹಾಗೆ ನೋಡ್ತೀಯೆ? ನಾನೂ ಹಾಗೇ ಇದ್ದೆ ಅಂತಲಾ? ನನ್ನದು ಬೇರೆ. ನನ್ನದು ಧಂದೆ. ಇವನದ್ದು ಶೋಕಿ.

ಕೇಳು ಮುಂದೆ. ಲಾಸ್‌ಲೆಸ್ ಅಂತೆ ಅದು. ಲಾಸೇ ಇಲ್ವಂತೆ! ಸ್ಟುಡಿಯೋದಲ್ಲಿ ಏನು ಬಾರಿಸಿದ್ರೋ ಅದರಲ್ಲಿ ಒಂದು ಗುಲಗಂಜಿಯೂ ಕಳೆದುಹೋಗೋದಿಲ್ಲ, ಅಷ್ಟಕ್ಕಷ್ಟು ನಿಮ್ಮ ಕಿವಿಗೆ ಬರ್ತದೆ ಅಂತ ಭಾಷಣ ಮಾಡಿದ. ನಾನು ಶಿರಸಿಯಲ್ಲಿ ಇಪ್ಪತ್ತು ವರ್ಷ ಅಂಗಡಿ ನಡೆಸಿದವ, ನನ್ನೆದುರು ಲಾಸ್ ಇಲ್ಲ ಅಂತಾನೆ! ಮೇಲಿಂದ ರೀಮಾಸ್ಟರ್ ಬೇರೆ. ಹಾಗಂದ್ರೆ ಎಂತ ಗೊತ್ತಾ? ಐವತ್ತು ವರ್ಷದ ಹಳೇ ಟೇಪನ್ನ ತೊಳೆದು, ಒರೆಸಿ, ಇಸ್ತ್ರಿ ಹಾಕಿ, ಹೊಸ ಬಟ್ಟೆ ಅಂತ ಕೊಡೋದು. "ಡ್ರಮ್ ಬಾರಿಸುವವನ ಕುರ್ಚಿ ಕಿರ್ ಅಂದದ್ದೂ ಕೇಳ್ತದೆ ಸುಭಾನ್ ಭಾಯ್!" ನಾನು ಹೇಳಿದೆ, ಕುರ್ಚಿ ಕಿರ್ ಅನ್ನೋದು ಕೇಳೋಕೆ ಇಷ್ಟೆಲ್ಲ ಎಂತಕ್ಕೆ ತಮ್ಮಾ, ನಮ್ಮನೆಗೆ ಬಾ, ಮೂರು ಕುರ್ಚಿ ಇದೆ, ಮೂರೂ ಅದನ್ನೇ ಮಾಡ್ತವೆ ಅಂತ.

ನೋಡು, ಮತ್ತೆ ನಗ್ತೀಯ! ಸೆರಗು ಕುತ್ತಿಗೆಗೆ ಹಿಡ್ಕೊಂಡು ಹೆಗಲು ಕುಣಿಸೋದು ನೋಡು. ನಗು, ನಗು. ಇನ್ನೂ ಅಸಲು ಮಜಾ ಬಂದಿಲ್ಲ.

ಯಾವ ಆಲ್ಬಮ್ ಹಾಕಿದ ಅಂತ ಕೇಳು. ಕೊಡೆ ಕ್ಯಾಸೆಟ್ಟು!

ಹ್ಞಾ! ನೆನಪಾಯ್ತಲ್ಲ! ಕವರಿನ ಮೇಲೆ ಒಬ್ಬ ಕರೀ ಕೊಡೆ ಹಿಡ್ಕೊಂಡು ಬೆನ್ನು ತಿರುಗಿಸಿ ನಿಂತಿದ್ದ. ಬ್ಯಾಂಡಿನ ಹೆಸರು ಬಾಯಿಗೆ ಬರ್ತಿರಲಿಲ್ಲ, ಆಲ್ಬಮ್ಮಿನ ಹೆಸರು ಅದಕ್ಕಿಂತ ಕಷ್ಟ. ಯಲ್ಲಾಪುರದಿಂದ ಬಂದವನೂ "ಕೊಡೆ ಕ್ಯಾಸೆಟ್ ಇದ್ಯಾ" ಅಂತಿದ್ದ, ಕಾನಸೂರಿನವನೂ ಹಾಗೇ ಅಂತಿದ್ದ. ತೊಂಬತ್ತೊಂದನೇ ಇಸವಿ. ನಮ್ಮ ನಿಕಾಹ್ ಆಗಿ ಎರಡು ತಿಂಗಳು. ಸಮೀಉಲ್ಲಾ ಲಾರಿ ತಗೊಂಡು ಬೊಂಬಾಯಿಗೆ ಹೋದವ ಯಾರದ್ದೋ ರೆಕಾರ್ಡು ಎರವಲು ತಂದಿದ್ದ, ದೊಡ್ಡ ಕರೀ ತಟ್ಟೆ. "ಸಂಜೆ ಲಾರಿ ವಾಪಸ್, ಅಷ್ಟರೊಳಗೆ ತುಂಬಿಸ್ಕೊ." ನಮ್ಮ ಹತ್ತಿರ ಇದ್ದ ಪ್ಲೇಯರಿಗೆ ವೈರು ಹಾಕೋ ತೂತೇ ಇರಲಿಲ್ಲ. ಏನ್ಮಾಡೋದು? ಅದರ ಸ್ಪೀಕರಿನ ಎದುರು ಟೇಪ್‌ರೆಕಾರ್ಡರ್ ಇಟ್ಟೆ. ಕಿಟಕಿ ಮುಚ್ಚಿದೆ. ಮಧ್ಯಾಹ್ನ ಹೊತ್ತು, ಬೆವರು ಸುರೀತಾ ಇದೆ, ಫ್ಯಾನ್ ಬಂದ್. ಫ್ಯಾನಿನ ಸದ್ದೂ ಬರಬಾರದಲ್ಲ! ಕೂತು ಕೂತು ಎರಡನೇ ಮಗ್ಗುಲಿನ ಮೂರನೇ ಹಾಡಿಗೆ ಬಂದೆ. ಎಲ್ಲ ವಾದ್ಯ ನಿಂತು ಒಂದೇ ಗಿಟಾರು ಉಳೀತದೆ. ಆಮೇಲೆ ಅದೂ ನಿಲ್ತದೆ. ಎರಡು ಉಸಿರಿನಷ್ಟು ಹೊತ್ತು ಏನೂ ಇಲ್ಲ. ಸರಿಯಾಗಿ ಅಲ್ಲಿಗೆ, ಬಾಗಿಲು ದೂಡ್ಕೊಂಡು ಬಂದ್ರು ನಮ್ಮ ಅಕ್ಕಿಆಲೂರಿನ ಬೇಗಂ! ಆ ನಿಮ್ಮ ಹಾವೇರಿ ಕಡೆ ರಾಗದಲ್ಲಿ… "ಅಲ್ರೀ, ಚಾ ಆರೈತಿ!" ಹಿಂದೆಯೇ ಟಕ್ ಅಂತ ಲೋಟ ಇಟ್ಟ ಸದ್ದು.

ಬಿತ್ತು ಟೇಪಿನಲ್ಲಿ. ಪೂರ್ತಿ ಬಿತ್ತು. ಲಾಸ್ ಇಲ್ಲದೇ ಬಿತ್ತು!

ಗೊತ್ತು, ಗೊತ್ತು, ಬೈದೆ. ಹೊಸ ಹೆಂಡತಿ ಅಂತಲೂ ನೋಡಲಿಲ್ಲ. ನಿನ್ನ ಬಾಯಿಗೆ ಬೀಗ ಹಾಕು ಅಂದೆ. ಆವತ್ತಿನಿಂದ ತಾನೇ ನೀನು ಕರೆಯೋದು ಬಿಟ್ಟು ಚಮಚದಲ್ಲಿ ಲೋಟ ಕುಟ್ಟೋಕೆ ಶುರು ಮಾಡಿದ್ದು. ಮೂವತ್ನಾಲ್ಕು ವರ್ಷದಿಂದ ಕುಟ್ತಾ ಇದೀಯ… ಅದಿರಲಿ. ಅದು ಈಗ ಬೇಡ.

ಮಜಾ ಕೇಳು! ರೆಕಾರ್ಡು ಬೊಂಬಾಯಿಗೆ ವಾಪಸ್ ಹೋಯ್ತು. ಇನ್ನೊಂದು ಸಲ ತುಂಬಿಸೋ ಹಾಗಿಲ್ಲ. ಇದ್ದದ್ದನ್ನೇ ಕಾಪಿ ಮಾಡಿದೆ. ಇಪ್ಪತ್ತಮೂರು ಕಾಪಿ ಹೋಯ್ತು. ಯಾರಾದ್ರೂ ಒಬ್ಬ, ಒಬ್ಬನಾದ್ರೂ, "ಇದ್ಯಾರೋ ನಮ್ಮ ಕಡೆ ಹೆಂಗಸು ಚಾ ಆರ್ತು ಅಂತಿದಾಳಲ್ಲೋ" ಅಂದ್ನಾ? ಇಲ್ಲ! ಇಂಗ್ಲಿಷ್ ಕ್ಯಾಸೆಟ್ಟಿನಲ್ಲಿ ಬಂದದ್ದೆಲ್ಲ ಇಂಗ್ಲಿಷೇ ಅವರಿಗೆ! ಕಾಲೇಜು ಹಾಸ್ಟೆಲಿನ ಪಂಡಿತರು ಕಿವಿ ಹಚ್ಚಿ ಕೂತು ಪತ್ತೆ ಮಾಡಿದ್ರು. "ಆಲ್‌ರೈಟ್, ಶಾರ್ಲಟ್!" ಅಂತೆ! ಅಲ್ರೀ ಹೋಗಿ ಆಲ್‌ರೈಟು, ಚಾ ಆರೈತಿ ಹೋಗಿ ಶಾರ್ಲಟ್! ಆಮೇಲೆ ಕಥೆ ಬೇರೆ ಕಟ್ಟಿದ್ರು. ಶಾರ್ಲಟ್ ಅಂದ್ರೆ ಹಾಡುವವನ ಪ್ರೇಯಸಿ, ಅವಳು ಬಿಟ್ಟುಹೋದ ದಿನ ಈ ಹಾಡು ಮಾಡಿದ್ದು, ಆ ಟಕ್ ಅನ್ನೋದು ಅವಳು ಬಾಗಿಲು ಹಾಕ್ಕೊಂಡು ಹೋದ ಸದ್ದು! ಲೋಟ, ಮಾರಾಯ್ತಿ! ನಮ್ಮ ಸ್ಟೀಲ್ ಲೋಟ!

ಮಂಚಿಕೇರಿಯ ರಾಘು ಇದ್ನಲ್ಲ, ಅವನಂತೂ… ಬಿಡು, ಅವನ ಸುದ್ದಿ ಬೇಡ.

ಈಗ ಸಂದೇಶನಿಗೆ ಬಾ. ಇವನು ಸಣ್ಣವನಿದ್ದಾಗಿಂದ ಅಣ್ಣನ ಕ್ಯಾಸೆಟ್ಟಿನಲ್ಲೇ ಕೇಳಿದವ. ಹೊಸ ಲಾಸ್‌ಲೆಸ್ ಬಂತು ಅಂತ ಹಾಕಿದಾನೆ. ಮೂರನೇ ಹಾಡು, ಗಿಟಾರು ನಿಲ್ತು… ಶಾರ್ಲಟ್ ಇಲ್ಲ! ಎದೆ ಒಡೆದುಹೋಯ್ತಂತೆ. ರೀಮಾಸ್ಟರ್ ಮಾಡಿದವರು ಅವಳನ್ನ ಕತ್ತರಿಸಿ ಹಾಕಿದಾರೆ ಅಂತ ಕಂಪನಿಗೆ ಪತ್ರ ಬರೆದಿದಾನೆ! ಇಂಟರ್ನೆಟ್ಟಿನಲ್ಲಿ ಈ ಹುಚ್ಚರದ್ದೇ ಒಂದು ಹರಟೆಕಟ್ಟೆ ಇದೆಯಂತೆ, ಲಂಡನ್ನಿನವರು, ಜರ್ಮನಿಯವರು ಎಲ್ಲ ಇದಾರೆ. ಅವರ ಸಂಗಡ ಎರಡು ವರ್ಷದಿಂದ ಇವನ ಜಗಳ. ಶಾರ್ಲಟ್ ಇದ್ದಳು, ನಾನು ನನ್ನ ಕಿವಿಯಲ್ಲಿ ಕೇಳಿದೀನಿ ಅಂತ ಇವನು. ಅಂಥವಳು ಯಾರೂ ಇರಲೇ ಇಲ್ಲ ಅಂತ ಅವರು. "ಇಂಡಿಯಾದ ಪ್ರೇತ" ಅಂತ ಇವನಿಗೇ ಹೆಸರಿಟ್ಟಿದಾರೆ! ಕಣ್ಣಲ್ಲಿ ನೀರು ಹಾಕ್ಕೊಂಡು ಹೇಳಿದ. ನಾನು ಒಳಗೊಳಗೇ ನಕ್ಕೂ ನಕ್ಕೂ ಹೊಟ್ಟೆ ನೋವು ಬಂತು.

ಕುಟ್ಟಬೇಡ ಅಂದೆನಲ್ಲ! ಕುಡಿತೆ. ಬಿಸಿ ಇದ್ರೆ ನಾಲಗೆ ಸುಡ್ತದೆ.

ಹಾಡಾ? ಹಾಕಿದ. ಕೇಳಿದೆ. ಹೇಗಿತ್ತು ಅಂದ್ರೆ… ಇತ್ತು. ಸುಳ್ಳು ಯಾಕೆ ಹೇಳ್ಲಿ, ಚೆನ್ನಾಗಿತ್ತು. ನಮ್ಮ ಡೆಕ್ಕಿನಲ್ಲಿ ಆ ದಪ್ಪ ತಂತಿ ಗುಂಯ್ ಅಂತ ಒಂದೇ ಮುದ್ದೆಯಾಗಿ ಬರ್ತಿತ್ತು, ಇಲ್ಲಿ ಒಂದೊಂದು ಬೆರಳೂ ಬೇರೆ ಬೇರೆ ಕೇಳ್ತದೆ. ಹಾಡುವವ ಉಸಿರು ಎಳ್ಕೊಳ್ಳೋದು ಕೇಳ್ತದೆ. ಆಮೇಲೆ ಎರಡನೇ ಮಗ್ಗುಲು… ಮಗ್ಗುಲು ಎಲ್ಲಿದೆ ಈಗ, ಮೂರನೇ ಹಾಡು. ಗಿಟಾರು ನಿಲ್ತು. ನಾನು ಕಣ್ಣು ಮುಚ್ಚಿದ್ದೆ. ಅಲ್ಲಿ ಏನೂ ಇರಲಿಲ್ಲ ಶರೀಫಾ. ನಮ್ಮ ಕ್ಯಾಸೆಟ್ಟಿನಲ್ಲಿ ಹಿಸ್ ಅಂತ ಒಂದು ಸದ್ದಾದ್ರೂ ಇರ್ತಿತ್ತು. ಇಲ್ಲಿ ಅದೂ ಇಲ್ಲ. ಬಾವಿಗೆ ಕಲ್ಲು ಹಾಕಿ ಕಾಯ್ತಾ ಕೂತ ಹಾಗಾಯ್ತು. ನನಗೆ… ಧೂಳು, ಧೂಳು ಆ ಕೋಣೆಯಲ್ಲಿ, ಬತ್ತದ ಧೂಳು. ಕಣ್ಣಲ್ಲಿ ನೀರು ಬಂತು. ಆ ಪೆದ್ದ ಹೇಳ್ತಾನೆ, "ನೋಡಿದ್ರಾ, ನಿಮಗೂ ಶಾರ್ಲಟ್ ಇಲ್ಲದ್ದು ಬೇಜಾರಾಯ್ತು" ಅಂತ.

ಎಂತ? ಹೇಳಿದೆನಾ ಅಂತಲಾ? ಅದು ನನ್ನ ಹೆಂಡತಿ, ಚಾ ಕೊಡೋಕೆ ಬಂದಿದ್ದಳು ಅಂತ? ಇಲ್ಲ. ಎಂತಕ್ಕೆ ಹೇಳ್ಲಿ? ಒದ್ದಾಡಲಿ ಅವನು. ಲಂಡನ್ನಿನವರ ಸಂಗಡ ಇನ್ನೂ ಹತ್ತು ವರ್ಷ ಜಗಳ ಆಡಲಿ, ನಮಗೆ ಎಂತ ನಷ್ಟ!

…ಹೀಗೆ ನೋಡಬೇಡ.

ನೋಡಬೇಡ ಅಂದೆ. ಈ ನೋಟ ನನಗೆ ಗೊತ್ತು. ಬೈದುಬಿಡು ಬೇಕಾದ್ರೆ, ಹೀಗೆ ನೋಡಬೇಡ… ಆಯ್ತು. ಆಯ್ತು ಮಾರಾಯ್ತಿ. ಹೇಳಿದೆ. ಹೇಳಿಬಿಟ್ಟೆ ಅವನಿಗೆ.

ಹೇಳಬೇಕಾಯ್ತು. ಅಂವ ಎಂತ ಮಾಡೋಕೆ ಹೊರಟಿದ್ದ ಗೊತ್ತಾ? ಅಣ್ಣನ ಕ್ಯಾಸೆಟ್ಟನ್ನ ಮುಂದಿನ ವಾರ ಪಾರ್ಸೆಲ್ ಮಾಡ್ತಾನಂತೆ, ಜರ್ಮನಿಗೆ! ಸಾಕ್ಷಿಗೆ! ಇರೋದೇ ಅದೊಂದು. ಇಪ್ಪತ್ತಮೂರರಲ್ಲಿ ಉಳಿದದ್ದು ಅದೊಂದೇ. ದಾರಿಯಲ್ಲಿ ಕಳೆದುಹೋದ್ರೆ? ಅಲ್ಲಿಯವರು ತೊಳೆದು ಇಸ್ತ್ರಿ ಹಾಕಿಬಿಟ್ರೆ?

ಬಾಕಿ ಇಪ್ಪತ್ತೆರಡು ಎಲ್ಲಿಗೆ ಹೋಯ್ತು ಅಂದ್ರೆ… ನಿನಗೆ ಹೇಳಿದ್ದೆನಲ್ಲ ಆ ಕಾಲದಲ್ಲೇ. ಗಿರಾಕಿಗಳು ತಕರಾರು ಮಾಡಿದ್ರು. ನಿನ್ನ ದನಿಯಿಂದ ಹಾಡು ಕೆಟ್ಟಿದೆ ಅಂತ ವಾಪಸ್ ತಂದು ಕೊಟ್ರು. ಅದಕ್ಕೇ ಅಳಿಸಿದೆ. ಹೇಳಿದ್ದೆನಾ ಇಲ್ವಾ? ನೀನು ಆವತ್ತು ಊಟ ಬಿಟ್ಟು ಕೂತಿದ್ದೆ, ನನ್ನಿಂದ ನಿಮ್ಮ ಧಂದೆ ಹಾಳಾತು ಅಂತ…

ಹ್ಞೂಂ.

ಶರೀಫಾ, ಲೋಟ ಕುಟ್ಟಾದ್ರೂ ಕುಟ್ಟು. ಸುಮ್ಮನೆ ಹೀಗೆ ಕೂರಬೇಡ.

ಯಾರೂ ತಕರಾರು ಮಾಡಿರಲಿಲ್ಲ. ಒಬ್ಬನೂ ಇಲ್ಲ. ರಾಘು… ಆ ಮಂಚಿಕೇರಿಯ ರಾಘು ಅಂಗಡಿಗೆ ಬಂದು, ಎಲ್ಲರ ಎದುರು, ಕೌಂಟರಿಗೆ ಒರಗಿ ಹೇಳಿದ. "ಆನು ಆ ಹೆಂಗಸಿನ ದನಿ ಸಲುವಾಗೇ ಈ ಕ್ಯಾಸೆಟ್ ಹಾಕ್ತೆ ಮಾರಾಯ. ಹಾಡು ಎಂತೂ ತಿಳೀತಿಲ್ಲೆ. ಮಲಗಕ್ಕಾದ್ರೆ ಒಂದ್ಸಲ ಅವಳ ದನಿ ಕೇಳದೇ ಇದ್ರೆ ನಿದ್ರೆ ಬತ್ತಿಲ್ಲೆ." ಎಲ್ಲ ನಕ್ರು. ನಾನೂ ನಕ್ಕೆ. ನೀನು ಪರದೆಯ ಆಚೆ ಅಕ್ಕಿ ಆರಿಸ್ತಾ ಇದ್ದೆ, ಅಂಗಡಿಯ ಹಾಡಿನ ಗದ್ದಲದಲ್ಲಿ ನಿನಗೆ ಕೇಳಿಸಲಿಲ್ಲ. ನನಗೆ ಮೈಯೆಲ್ಲ ಬೆಂಕಿ. ನನ್ನ ಹೆಂಡತಿಯ ದನಿ ಮಂಚಿಕೇರಿಯಲ್ಲಿ, ಯಲ್ಲಾಪುರದಲ್ಲಿ, ಹಾಸ್ಟೆಲಿನ ಹುಡುಗರ ದಿಂಬಿನ ಪಕ್ಕ! ರಿವೈಂಡ್ ಮಾಡಿ ಮಾಡಿ ಕೇಳ್ತಿದಾರೆ! ಮರುದಿನವೇ ಹೊರಟೆ. "ಕಾಪಿ ಸರಿ ಬಂದಿಲ್ಲ, ಬದಲು ಬೇರೆ ಕೊಡ್ತೆ" ಅಂತ ಸುಳ್ಳು ಹೇಳಿ, ಒಂದೊಂದೇ ಮನೆಗೆ ಹೋಗಿ ಇಪ್ಪತ್ತೆರಡು ವಾಪಸ್ ತಂದೆ. ನಾನು ಇಟ್ಕೊಂಡಿದ್ದ ಅಸಲಿ ಟೇಪನ್ನೂ ಸೇರಿಸಿ, ಎಲ್ಲದರ ಮೇಲೆ ಖಾಲಿ ರೆಕಾರ್ಡಿಂಗ್ ಒತ್ತಿದೆ. ನೀನು ಕೇಳಿದಾಗ ಗಿರಾಕಿಗಳ ತಲೆ ಮೇಲೆ ಹಾಕಿದೆ. ಮಾದೇವ ಮಾತ್ರ ಕೊಡಲಿಲ್ಲ, ಕಳೆದುಹೋಯ್ತು ಅಂದ. ಕಳ್ಳ! ಅವನ ಆತ್ಮಕ್ಕೆ ಶಾಂತಿ ಸಿಗಲಿ, ಎಂಥ ಒಳ್ಳೇ ಕಳ್ಳ!

ಜಮಾತಿನ ಕೆಲಸ ಏನೂ ಇರಲಿಲ್ಲ. ಇವತ್ತೂ ಇಲ್ಲ, ಹೋದ ಏಳು ತಿಂಗಳಲ್ಲಿ ಒಮ್ಮೆಯೂ ಇರಲಿಲ್ಲ. ಹುಬ್ಬಳ್ಳಿ ಆಸ್ಪತ್ರೆಯಿಂದ ನಿನ್ನ ಕರ್ಕೊಂಡು ಬಂದ ವಾರದಿಂದ ನಾನು ಸುತ್ತಾ ಇದೀನಿ. ಕಾನಸೂರು, ಯಲ್ಲಾಪುರ, ಮಂಚಿಕೇರಿಗೂ ಹೋದೆ. ರಾಘುವಿನ ಎದುರು ಕೈಮುಗಿದು ನಿಂತೆ, ಒಂದಾದ್ರೂ ಕಾಪಿ ಮಾಡಿ ಇಟ್ಕೊಂಡಿದ್ಯೇನೋ ಅಂತ. ಅವನ ತಲೆ ಪೂರ್ತಿ ಬೆಳ್ಳಗಾಗಿದೆ. "ಇಲ್ಲೆ ಸುಭಾನಾ, ನೀನೇ ತಗಂಡು ಹೋದ್ಯಲ" ಅಂದ. ಮಾದೇವನ ತಮ್ಮನನ್ನ ಕೇಳಿ ನೋಡು ಅಂತ ಹೇಳಿಕೊಟ್ಟವನೂ ಅವನೇ.

ಅರ್ಷಿಯಾಳ ಫೋನಿನಲ್ಲಿ ನನ್ನ ದನಿ ಇದೆಯಲ್ಲ ಅಂತೀಯಾ? ಅದು ಆಪರೇಷನ್ನಿನ ಮುಂಚಿನದ್ದು, ಆ ಗೊರಗೊರ. ನಮ್ಮ ಮಗಳು ಅದನ್ನ ದಿನಾ ಕೇಳ್ತಾಳಂತೆ, ಕೇಳಲಿ. ಅದಕ್ಕಿಂತ ಮುಂಚೆ ಯಾರು ವಿಡಿಯೋ ತೆಗೆಯೋಕೆ ಫೋನ್ ಎತ್ತಿದ್ರೂ ನೀನು ಮುಖ ಮುಚ್ಕೊಂಡು ಒಳಗೆ ಓಡ್ತಿದ್ದೆ. ಮದುವೆ ವಿಡಿಯೋದಲ್ಲೆಲ್ಲ ಮೇಲಿಂದ ಹಾಡು ಹಾಕಿದಾರೆ. ಜಗತ್ತಿನ ಕ್ಯಾಸೆಟ್ಟೆಲ್ಲ ತುಂಬಿಸಿ ಕೊಟ್ಟವ ನಾನು, ನಿನ್ನದು ಒಂದು ಇಟ್ಕೊಳ್ಳಲಿಲ್ಲ. ಇದ್ದದ್ದನ್ನ ಕೈಯಾರೆ ಅಳಿಸಿದೆ.

ಸಂದೇಶನಿಗೆ ಹೇಳಿದೆನಲ್ಲ… ಹೇಳಿದಾಗ ಅಂವ ನಗಲಿಲ್ಲ ಶರೀಫಾ. ಎದ್ದು ನಿಂತ. ಪಂಪ್‌ಸೆಟ್ ಮಾರೋ ಗಂಡಸು, ನಲವತ್ತು ದಾಟಿದವ, ಎಂಟು ವರ್ಷದವನ ಹಾಗೆ ಮುಖ ಮಾಡ್ಕೊಂಡು, "ಶಾರ್ಲಟ್ ಶಿರಸಿಯಲ್ಲಿ ಇದಾರಾ?" ಅಂದ. "ಫೋನ್ ಹಚ್ಚಿ ಭಾಯ್. ಒಂದು ಸಲ. ಅದೇ ಮಾತು ಹೇಳಿಸಿ, ಸಾಕು." ಮೊಬೈಲು ಸ್ಟೂಲಿನಿಂದ ತಂದು ನನ್ನ ಕೈಯಲ್ಲಿ ಇಟ್ಟ.

ನಾನು ಎಂತ ಹೇಳ್ಲಿ ಅವನಿಗೆ? ಫೋನ್ ಹಚ್ಚಿದ್ರೆ ನೀನು ಎತ್ತಿ, ಎಂತ ಮಾಡ್ತೀಯೆ, ಲೋಟ ಕುಟ್ತೀಯ! ಹೇಳಿದೆ. ಧ್ವನಿಪೆಟ್ಟಿಗೆಯನ್ನೇ ತೆಗೆದ್ರು ತಮ್ಮಾ, ಉಸಿರು ಈಗ ಕುತ್ತಿಗೆಯಿಂದ ಆಡ್ತದೆ, ಇನ್ನು ಅವಳು ಮಾತಾಡೋದಿಲ್ಲ ಅಂದೆ. ಅಂವ ನನ್ನ ಕೈಯಿಂದ ಮೊಬೈಲು ತಗೊಂಡು ವಾಪಸ್ ಸ್ಟೂಲಿನ ಮೇಲಿಟ್ಟ. ಆಮೇಲೆ ಕಪಾಟು ತೆಗೆದು…

ಇಗ. ಚೀಲದಲ್ಲೇ ಇದೆ. ನೋಡು, ಮಾದೇವನ ಅಕ್ಷರ. "ಕೊಡೆ". ಕೆಳಗೆ ಸಣ್ಣಗೆ "ಶಾರ್ಲಟ್" ಅಂತ ಬರೆದು ಗೆರೆ ಎಳೆದಿದಾನೆ. ಟೇಪನ್ನ ಆ ಜಾಗಕ್ಕೇ ತಂದು ನಿಲ್ಲಿಸಿ ಕೊಟ್ಟಿದಾನೆ ಸಂದೇಶ, ನೀವಿಬ್ಬರೇ ಕೇಳಿ ಅಂತ. ಹೋದ ತಿಂಗಳು ಹಳೇ ಡೆಕ್ಕಿಗೆ ಹೊಸ ಬೆಲ್ಟ್ ಎಂತಕ್ಕೆ ಹಾಕಿಸಿದ್ದು ಅಂತ ಸನ್ನೆ ಮಾಡಿ ಕೇಳಿದ್ದೆಯಲ್ಲ, ಇದಕ್ಕೇ.

ಇಗ, ಡೆಕ್ಕಿಗೆ ಹಾಕಿದೆ. ನೀನೇ ಒತ್ತು… ಬೇಡವಾ? ನಾನೇ ಒತ್ತಲಾ? ಆಯ್ತು. ಲೋಟ ತೆಗೀಬೇಡ, ಇರಲಿ ಅಲ್ಲೇ.

ಹಿಸ್… ಕೇಳ್ತಾ? ಇದೇ ಹಿಸ್. ಇದನ್ನೇ ಆ ಲಾಸ್‌ಲೆಸ್ಸಿನವರು ತೊಳೆದುಹಾಕಿದ್ದು. ಗಿಟಾರು… ಇಳೀತಾ ಇದೆ… ಶ್… ಅಯ್ಯೋ, ಅಲ್ಲ, ಅಲ್ಲ! ನಿನಗಲ್ಲ ಶ್ ಅಂದದ್ದು, ನನಗೇ ಅಂದ್ಕೊಂಡೆ… ಇನ್ನೊಂದು ಸಲ ಎಳೀತಾನೆ ತಂತಿ… ನಿಲ್ತು. ಈಗ, ಶರೀಫಾ, ಈಗ…

…ಬಂದೆ.

ಬಂದೆ ಮಾರಾಯ್ತಿ, ಬಂದೆ. ಆರಿದ್ರೂ ಕುಡಿತೆ.